ಬರ್ಗರ್ ಪಕ್ಕದ ಮಗ್‌ಗೆ ಎಷ್ಟು ಅಂಕ?

ಅಂಗಡಿಯಿಂದ ಹತ್ತಾರು ಬಗೆಯ ರೂಟ್ ಬಿಯರ್ ಬಾಟಲಿ ತಂದು, ಮನೆಯ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟು, ಒಂದೊಂದೇ ಗುಟುಕು ಕುಡಿದು ತೀರ್ಪು ಕೊಡುವ ಪದ್ಧತಿ ಅಮೆರಿಕದಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಪಾನೀಯ ಬೆಳೆದದ್ದು ಬರ್ಗರ್ ಅಂಗಡಿಯ ಕೌಂಟರಿನಲ್ಲಿ. ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಸ್ಯಾನ್ ಬರ್ನಾರ್ಡಿನೊದ ತಮ್ಮ ಅಂಗಡಿಯ ಮೆನುವನ್ನು ಬೆರಳೆಣಿಕೆಯ ತಿನಿಸುಗಳಿಗೆ ಇಳಿಸಿದಾಗಲೂ ರೂಟ್ ಬಿಯರನ್ನು ಉಳಿಸಿಕೊಂಡಿದ್ದರು. ಬಾಯಲ್ಲಿ ಉಪ್ಪು, ಕಂದಿದ ಈರುಳ್ಳಿ, ಕರಗಿದ ಚೀಸಿನ ಜಿಡ್ಡು ಇರುವಾಗ ಅದು ಹೇಗೆ ನಿಭಾಯಿಸುತ್ತದೆ ಎನ್ನುವುದೇ ಅದರ ನಿಜವಾದ ಪರೀಕ್ಷೆ. ಹಾಗಾಗಿ ಈ ವಾರ ನಾನು ಅಂಕ ಕೊಡುತ್ತಿರುವುದು ಬರ್ಗರ್ ಅಂಗಡಿಗಳಲ್ಲಿ, ಬರ್ಗರ್ ಜತೆಗೇ ಕುಡಿದ ರೂಟ್ ಬಿಯರ್‌ಗಳಿಗೆ ಮಾತ್ರ.

ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಮದ್ಯವಿಲ್ಲ. ಫಿಲಡೆಲ್ಫಿಯಾದ ಔಷಧ ವ್ಯಾಪಾರಿ ಚಾರ್ಲ್ಸ್ ಹೈರ್ಸ್ ತನ್ನ ರೂಟ್ ಬಿಯರನ್ನು 1876ರ ಶತಮಾನೋತ್ಸವ ವಸ್ತುಪ್ರದರ್ಶನದಲ್ಲಿ ಜನರ ಮುಂದಿಟ್ಟ. ಆತ ಮದ್ಯಪಾನದ ವಿರೋಧಿಯೇ ಆಗಿದ್ದ. ಆ ಕಾಲದ ರುಚಿಗೆ ಆಧಾರ ಸಾಸಫ್ರಾಸ್ ಮರದ ಬೇರಿನ ತೊಗಟೆ. ಅದರ ಎಣ್ಣೆಯಲ್ಲಿರುವ ಸಾಫ್ರೋಲ್ ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆಂದು ಗೊತ್ತಾದ ಮೇಲೆ 1960ರಲ್ಲಿ ಅಮೆರಿಕ ಅದನ್ನು ಆಹಾರದಲ್ಲಿ ನಿಷೇಧಿಸಿತು. ಅಲ್ಲಿಂದೀಚೆಗೆ ತಯಾರಕರೆಲ್ಲ ಆ ಖಾಲಿ ಜಾಗವನ್ನು ವಿಂಟರ್‌ಗ್ರೀನ್, ವೆನಿಲಾ, ಜ್ಯೇಷ್ಠಮಧು, ಸೋಂಪು, ಕಾಕಂಬಿಗಳಿಂದ ತಮ್ಮ ತಮ್ಮ ಲೆಕ್ಕದಲ್ಲಿ ತುಂಬುತ್ತ ಬಂದಿದ್ದಾರೆ. ಒಂದೊಂದು ಅಂಗಡಿಯ ರೂಟ್ ಬಿಯರ್ ಒಂದೊಂದು ಥರ ಇರುವುದು ಈ ಕಾರಣಕ್ಕೆ. ಅಂಕ ಕೊಡುವ ಕೆಲಸಕ್ಕೆ ಅರ್ಥ ಬಂದಿರುವುದೂ ಇದರಿಂದಲೇ.

ವಿಂಟರ್‌ಗ್ರೀನ್ ಎಣ್ಣೆಯ ಮುಖ್ಯ ಅಂಶ ಮೀಥೈಲ್ ಸ್ಯಾಲಿಸಿಲೇಟ್. ನಮ್ಮ ಅಯೋಡೆಕ್ಸ್‌ನಲ್ಲಿರುವುದೂ ಅದೇ. ಅಮೆರಿಕಕ್ಕೆ ಹೊಸದಾಗಿ ಹೋದ ಕನ್ನಡಿಗರು ಮೊದಲ ಗುಟುಕಿಗೇ ಮುಖ ಸಿಂಡರಿಸುತ್ತಾರಲ್ಲ, ಅದು ನಾಲಿಗೆಯ ತಕರಾರಲ್ಲ, ಮೂಗಿನದು. ಮಂಡಿಗೆ ಹಚ್ಚುವ ಮುಲಾಮನ್ನು ಲೋಟದಲ್ಲಿ ಕೊಟ್ಟಿದ್ದಾರೆ ಎಂದು ಅದು ಗಲಾಟೆ ಮಾಡುತ್ತದೆ. ಅಷ್ಟಕ್ಕೇ ಲೋಟ ಕೆಳಗಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸೊಗದೆ ಬೇರಿನ ಶರಬತ್ತು ಕುಡಿದು ಗೊತ್ತಿರುವವರಿಗಂತೂ ಇದು ದೂರದ ರುಚಿಯಲ್ಲ. ಆ ಬೇರಿಗೆ ಘಮ ಕೊಡುವ ರಾಸಾಯನಿಕಕ್ಕೂ ವೆನಿಲಾದ ವೆನಿಲಿನ್‌ಗೂ ಅಣುಸೂತ್ರ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಮೂರನೆಯ ಗುಟುಕಿನ ಹೊತ್ತಿಗೆ ಮುಲಾಮು ಹಿಂದೆ ಸರಿದು ಅದರ ಕೆಳಗಿನ ವೆನಿಲಾ, ಜ್ಯೇಷ್ಠಮಧು ತಾವಾಗಿ ಮೇಲೆ ಬರುತ್ತವೆ.

ನನ್ನ ಲೆಕ್ಕ ಹತ್ತಕ್ಕೆ. ಅದರಲ್ಲಿ ನಾಲ್ಕು ಅಂಕ ಬೇರು-ತೊಗಟೆಯ ರುಚಿಗೆ, ಮುಖ್ಯವಾಗಿ ನುಂಗಿದ ಮೇಲೂ ಅದು ಬಾಯಲ್ಲಿ ನಿಲ್ಲುತ್ತದೆಯೇ ಎನ್ನುವುದಕ್ಕೆ. ಎರಡು ಗ್ಯಾಸಿನ ಚುರುಕಿಗೆ, ಎರಡು ನೊರೆಗೆ, ಉಳಿದೆರಡು ಸಿಹಿಯ ಹದಕ್ಕೆ. 355 ಮಿ.ಲೀ. ಡಬ್ಬಿಯಲ್ಲಿ 40 ಗ್ರಾಂ ದಾಟಿದ ಸಕ್ಕರೆ ಇರುವುದು ಈ ಪಾನೀಯದಲ್ಲಿ ಸಾಮಾನ್ಯ. ಅಷ್ಟು ಸಿಹಿ ಬರ್ಗರಿನ ಉಪ್ಪಿಗೆ ಆಸರೆಯಾಗಬೇಕೇ ಹೊರತು ಅದರ ಮೇಲೆ ಸವಾರಿ ಮಾಡಬಾರದು. ಐಸ್ ಬೇಡವೆಂದೇ ಹೇಳಿ ತರಿಸುತ್ತೇನೆ. ಬರ್ಗರ್ ಮುಟ್ಟುವ ಮೊದಲು ಒಂದು ಗುಟುಕು, ನಡುವೆ ಒಂದು, ಎಲ್ಲ ಮುಗಿದು ಗ್ಯಾಸ್ ಇಳಿದ ಮೇಲೆ ಇನ್ನೊಂದು. ಆ ಕೊನೆಯ ಗುಟುಕಿನಲ್ಲಿ ಯಾವ ರೂಟ್ ಬಿಯರೂ ಏನನ್ನೂ ಮುಚ್ಚಿಡಲಾರದು. ದನದ ಮಾಂಸ ತಿನ್ನದವರು ಚೀಸ್ ಹಾಕಿದ ಫ್ರೈಸ್ ಅಥವಾ ಕರಿದ ಈರುಳ್ಳಿ ಬಳೆ ತರಿಸಿಕೊಂಡರೂ ಈ ಪರೀಕ್ಷೆ ನಡೆಯುತ್ತದೆ. ಬೇಕಾದದ್ದು ಉಪ್ಪು ಮತ್ತು ಜಿಡ್ಡು, ಅಷ್ಟೇ.

ಅಂಗಡಿಯ ಕೈಗುಣವೂ ಇಲ್ಲಿ ದೊಡ್ಡ ಮಾತು. ಫೌಂಟನ್ ಯಂತ್ರದಲ್ಲಿ ಸಾಮಾನ್ಯವಾಗಿ ಐದು ಪಾಲು ಸೋಡಾ ನೀರಿಗೆ ಒಂದು ಪಾಲು ಸಿರಪ್ ಬೆರೆಯುತ್ತದೆ. ಈ ಲೆಕ್ಕ ಸ್ವಲ್ಪ ತಪ್ಪಿದರೂ ಒಳ್ಳೆಯ ಬ್ರ್ಯಾಂಡ್ ಹಾಳಾಗುತ್ತದೆ. ಒಂದು ಕಡೆ ನನಗೆ ಸಿಕ್ಕಿದ್ದು ಕಂದು ಬಣ್ಣದ ಸಕ್ಕರೆ ನೀರು. ಸಿಲಿಂಡರಿನ ಗ್ಯಾಸ್ ತೀರಿಹೋಗಿತ್ತು. ಅದಕ್ಕೆ ಅಂಕ ಕೊಡುವುದು ತಯಾರಕರಿಗೆ ಅನ್ಯಾಯವೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈಗ ಎ ಅಂಡ್ ಡಬ್ಲ್ಯೂ. ರಾಯ್ ಅಲೆನ್ 1919ರ ಜೂನ್ 20ರಂದು ಕ್ಯಾಲಿಫೋರ್ನಿಯಾದ ಲೋಡೈ ಊರಿನಲ್ಲಿ, ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಮೆರವಣಿಗೆಯ ದಿನ, ಮಗ್‌ಗೆ ಐದು ಸೆಂಟಿನಂತೆ ಮಾರಲು ಶುರುಮಾಡಿದ. 1922ರಲ್ಲಿ ಫ್ರಾಂಕ್ ರೈಟ್ ಪಾಲುದಾರನಾದ. ಇಬ್ಬರ ಹೆಸರಿನ ಮೊದಲಕ್ಷರಗಳೇ ಇಂದಿನ ಫಲಕದಲ್ಲಿವೆ. ಇವರ ರೆಸ್ಟೋರೆಂಟುಗಳಲ್ಲಿ ರೂಟ್ ಬಿಯರನ್ನು ಅಲ್ಲಿಯೇ ಕಬ್ಬಿನ ಸಕ್ಕರೆ ಹಾಕಿ ತಯಾರಿಸುತ್ತಾರೆ. ಡಬ್ಬಿಯಲ್ಲಿ ಕುಡಿದವರು ಇದನ್ನು ಕುಡಿದಂತಾಗಲಿಲ್ಲ ಎಂದು ನಾನು ಪಟ್ಟು ಹಿಡಿದು ಹೇಳುವುದು ಅದಕ್ಕೇ. ಫ್ರೀಜರಿನಿಂದ ತೆಗೆದ ದಪ್ಪ ಗಾಜಿನ ಮಗ್ ಬೆಳ್ಳಗೆ ಮಂಜು ಹಿಡಿದಿರುತ್ತದೆ. ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತದೆ. ಸುರಿದ ಕೂಡಲೇ ಒಳಗೋಡೆಗೆ ತೆಳುವಾದ ಮಂಜುಗಡ್ಡೆಯ ಪದರ ಕಟ್ಟಿ, ಅದರ ಮೇಲೆ ದಂತದ ಬಣ್ಣದ ನೊರೆ ಏರುತ್ತದೆ. ಗುಳ್ಳೆಗಳು ಎಷ್ಟು ಸಣ್ಣವೆಂದರೆ ಕೆನೆಯಂತೆ ತುಟಿಗೆ ಅಂಟುತ್ತವೆ. ಆದರೆ ಆ ಚಳಿಯಲ್ಲಿ ಘಮ ಮಲಗಿರುತ್ತದೆ. ಮಗ್ಗಿನ ತಳದ ಸುತ್ತ ಮೇಜಿನ ಮೇಲೆ ನೀರಿನ ಬಳೆ ಮೂಡುವವರೆಗೆ ಕಾಯಿರಿ. ಆಗ ಮೊದಲು ವೆನಿಲಾ, ಅದರ ಬೆನ್ನಿಗೇ ವಿಂಟರ್‌ಗ್ರೀನ್, ನುಂಗಿದ ಮೇಲೆ ತೊಗಟೆಯ ಸಣ್ಣ ಕಹಿ. ನೊರೆಗೆ ಪೂರ್ತಿ ಅಂಕ. ಚುರುಕು ಇನ್ನೂ ಸ್ವಲ್ಪ ಇರಬಹುದಿತ್ತು. ಎಂಟು.

ಕಲ್ವರ್ಸ್ ಇದೇ ಮನೆತನದ ಕವಲು. ವಿಸ್ಕಾನ್ಸಿನ್‌ನ ಸಾಕ್ ಸಿಟಿಯಲ್ಲಿ ಕಲ್ವರ್ ಕುಟುಂಬ ಮೊದಲು ನಡೆಸುತ್ತಿದ್ದದ್ದು ಎ ಅಂಡ್ ಡಬ್ಲ್ಯೂ ಅಂಗಡಿಯನ್ನು. 1984ರಲ್ಲಿ ಅದೇ ಜಾಗದಲ್ಲಿ ತಮ್ಮದೇ ಹೆಸರು ಹಾಕಿದರು, ತಮ್ಮದೇ ರೂಟ್ ಬಿಯರನ್ನೂ ತಂದರು. ಇದು ಮೆದು, ವೆನಿಲಾ ಮುಂದು. ಬೆಣ್ಣೆ ಸವರಿ ಕಾಯಿಸಿದ ಬನ್ನಿನ ಬರ್ಗರ್ ಜತೆ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ, ಎದುರು ನಿಲ್ಲುವವರು ಯಾರೂ ಇಲ್ಲ. ಏಳು. ವಿಂಟರ್‌ಗ್ರೀನ್ ಒಗ್ಗದವರು ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುತ್ತಿಲ್ಲ.

ಇನ್-ಎನ್-ಔಟ್‌ನಲ್ಲಿ ನಾನು ಕುಡಿದದ್ದು ಬಾರ್ಕ್ಸ್. ಎಡ್ವರ್ಡ್ ಬಾರ್ಕ್ 1898ರಲ್ಲಿ ಮಿಸಿಸಿಪ್ಪಿಯ ಬಿಲೋಕ್ಸಿಯಲ್ಲಿ ಶುರುಮಾಡಿದ್ದು, ಈಗ ಕೋಕಾ-ಕೋಲಾ ಒಡೆತನದಲ್ಲಿದೆ. ಬಹುಪಾಲು ರೂಟ್ ಬಿಯರ್‌ಗಳಲ್ಲಿ ಇಲ್ಲದ ಕೆಫೀನ್ ಇದರಲ್ಲಿದೆ, ಡಬ್ಬಿಗೆ ಸುಮಾರು 22 ಮಿ.ಗ್ರಾಂ. ನೊರೆ ಬಂದಷ್ಟೇ ಬೇಗ ಇಳಿಯುತ್ತದೆ, ವೆನಿಲಾ ಕಡಿಮೆ, ಒಂದು ಒಣ ಕಹಿ ಎದ್ದು ಕಾಣುತ್ತದೆ. ಒಂಟಿಯಾಗಿ ಕುಡಿದರೆ ಒರಟು. ಕಂದಿಸಿದ ಈರುಳ್ಳಿ, ಚೀಸ್, ಸಾಸ್ ಸೇರಿದ ಜಿಡ್ಡಿನ ನಡುವೆ ಅದೇ ಕಹಿ ಬಾಯಿ ತೊಳೆದು ಮುಂದಿನ ತುತ್ತಿಗೆ ಜಾಗ ಮಾಡುತ್ತದೆ. ಏಳೂವರೆ ಕೊಡುತ್ತೇನೆ. ಮನೆಯ ಮೇಜಿನ ಮೇಲೆ ಇದಕ್ಕೆ ಆರೂ ಸಿಗುತ್ತಿರಲಿಲ್ಲ.

ಶೇಕ್ ಶ್ಯಾಕ್‌ನಲ್ಲಿ ಲೂಯಿಸಿಯಾನಾದ ಅಬಿಟಾ ಸಿಕ್ಕಿತ್ತು. ಕಬ್ಬಿನ ಸಕ್ಕರೆಯ ಸ್ವಚ್ಛ ಸಿಹಿ, ಹಗುರ ಮೈ. ಬೇರು ಮಾತ್ರ ಬೇಗ ಮಾಯ. ಆರೂವರೆ.

ಈ ಬಾರಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಇಂಡಿಯಾನಾದ ವೆಸ್ಟ್ ಲಫಾಯೆಟ್‌ನಲ್ಲಿರುವ ಟ್ರಿಪಲ್ ಎಕ್ಸ್. ಪರ್ಡ್ಯೂ ವಿಶ್ವವಿದ್ಯಾಲಯದ ಪಕ್ಕದಲ್ಲೇ, ಇಳಿಜಾರಿನ ಮೇಲೆ, 1929ರಿಂದ ನಿಂತಿರುವ ಅಂಗಡಿ. ಪರ್ಡ್ಯೂನಲ್ಲಿ ಎಂಜಿನಿಯರಿಂಗ್ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರು ಕ್ಯಾಂಪಸ್ಸಿನಿಂದ ನಡೆದೇ ಇಲ್ಲಿಗೆ ಬರಬಹುದು. ಕೌಂಟರಿನ ಎತ್ತರದ ಸ್ಟೂಲುಗಳಲ್ಲಿ ಕೂತು, ಕಾವಲಿಯ ಮೇಲೆ ಮಾಂಸ ಬೇಯುವುದನ್ನು ನೋಡುತ್ತ ಕುಡಿಯುವ ಜಾಗ ಇದು. ಟ್ರಿಪಲ್ ಎಕ್ಸ್ ಎಂಬ ಬ್ರ್ಯಾಂಡ್ ಟೆಕ್ಸಸ್‌ನಲ್ಲಿ ಹುಟ್ಟಿ, ಒಂದು ಕಾಲದಲ್ಲಿ ಪೀಪಾಯಿ ಆಕಾರದ ಅಂಗಡಿಗಳ ಮೂಲಕ ದೇಶವೆಲ್ಲ ಹಬ್ಬಿತ್ತು. ಪರ್ಡ್ಯೂನ 1930ರ ದಶಕದ ಫುಟ್‌ಬಾಲ್ ಆಟಗಾರ ಡ್ವೇನ್ ಪರ್ವಿಸ್ ಹೆಸರಿನ ಬರ್ಗರ್ ಇಲ್ಲಿ ಪ್ರಸಿದ್ಧ. ಮಾಂಸದ ಮೇಲೆ ದಪ್ಪಗೆ ಕಡಲೆಕಾಯಿ ಬೆಣ್ಣೆ ಸವರಿರುತ್ತಾರೆ.

ಆ ಕಡಲೆಕಾಯಿ ಬೆಣ್ಣೆಯೇ ಕಠಿಣ ಪರೀಕ್ಷೆ. ಬಿಸಿಗೆ ಕರಗಿ ಅಂಗುಳಿಗೆ ಮೆತ್ತಿಕೊಳ್ಳುತ್ತದೆ, ನೀರು ಕುಡಿದರೆ ಜಗ್ಗುವುದಿಲ್ಲ, ಕೋಲಾ ಕುಡಿದರೆ ಹುಳಿ ಬೇರೆ ದಾರಿ ಹಿಡಿಯುತ್ತದೆ. ಇಲ್ಲಿನ ರೂಟ್ ಬಿಯರಿನ ಒಂದು ಗುಟುಕು ಮೊದಲು ಆ ಜಿಡ್ಡನ್ನು ಸಡಿಲಿಸುತ್ತದೆ. ಹುರಿದ ಕಡಲೆಕಾಯಿಯ ಘಮವೂ ವೆನಿಲಾವೂ ಸೇರಿ ಹೊಸದೊಂದು ರುಚಿ ಹುಟ್ಟುತ್ತದೆ. ಅದು ತೀರುವಷ್ಟರಲ್ಲಿ ವಿಂಟರ್‌ಗ್ರೀನ್ ತಣ್ಣಗೆ ಬಂದು ಬಾಯಿ ಖಾಲಿ ಮಾಡುತ್ತದೆ. ಗ್ಯಾಸ್ ಇಳಿದ ಕೊನೆಯ ಗುಟುಕಿನಲ್ಲೂ ಬೇರಿನ ರುಚಿ ಕುಂದಿರಲಿಲ್ಲ. ಒಂಬತ್ತು. ಅರ್ಧ ಅಂಕ ನೊರೆಗೆ ಹೋಯಿತು, ಇನ್ನರ್ಧ ಸಿಹಿಗೆ.

ಫ್ಲೋಟ್‌ಗೆ ಯಾಕೆ ಅಂಕ ಇಲ್ಲ ಎಂದು ಕೇಳುವವರಿಗೆ: ಐಸ್ ಕ್ರೀಮ್ ಬಿದ್ದ ಮೇಲೆ ಹಾಲಿನ ಕೊಬ್ಬು ಬೇರಿನ ಕಹಿಯನ್ನು ಮುಚ್ಚಿಬಿಡುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಅಂಕ ಕೊಡುವಷ್ಟು ವ್ಯತ್ಯಾಸ ಉಳಿಯುವುದಿಲ್ಲ. ಬೇಕೇ ಬೇಕೆಂದರೆ ಬರ್ಗರ್ ಮುಗಿದ ಮೇಲೆ ತರಿಸಿ. ಅದಕ್ಕೆ ವೆನಿಲಾ ಮುಂದಿರುವ ರೂಟ್ ಬಿಯರ್ ಬೇಡ. ಬಾರ್ಕ್ಸ್‌ನಂಥ ಒಣ ಕಹಿಯದ್ದೇ ಚೆನ್ನ.