ಚೌಕಟ್ಟಿಗಿಳಿದ ಕಾದಂಬರಿ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರು 1996ರಲ್ಲಿ ಪ್ರಕಟಿಸಿದ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿಯ ಆರಂಭದಲ್ಲಿಯೇ, ಬೇಸಗೆಯಲ್ಲಿ ಬಿದ್ದ ಹಿಮದ ನಡುವೆ ಸತ್ತು ಮಲಗಿರುವ ದೈತ್ಯಾಕಾರದ ಹೆಣ್ಣುತೋಳವೊಂದನ್ನು ಸ್ಟಾರ್ಕ್ ಮನೆತನದವರು ಕಾಣುತ್ತಾರೆ. ಅದರ ಗಂಟಲಿನಲ್ಲಿ ಸಾರಂಗದ ಮುರಿದ ಕೊಂಬು ನಾಟಿಕೊಂಡಿದೆ. ತೋಳವು ಅವರದೇ ಕುಲದ ಲಾಂಛನ. ಸಾರಂಗವೋ, ಸಿಂಹಾಸನಾರೂಢನಾದ ಬರಾಥಿಯನ್ ದೊರೆಯದು. ನೆರೆದವರು ಆ ಕೊಂಬನ್ನು ನೋಡಿ ಸ್ತಬ್ಧರಾಗುತ್ತಾರೆಯೇ ಹೊರತು ಅದರ ಅರ್ಥವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಇಂಥ ಮೌನವನ್ನು ಹಿಡಿಯುವಲ್ಲಿ ಕಾಮಿಕ್ಸ್ ಕಲೆಗೆ ಗದ್ಯಕ್ಕಿಂತಲೂ ಹೆಚ್ಚಿನ ಅನುಕೂಲವಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ: ಯಾರೂ ಮಾತನಾಡಲಿಲ್ಲವೆಂಬುದನ್ನು ಗದ್ಯಕಾರನು ಹೇಳಿಯೇ ತೀರಬೇಕು, ಚಿತ್ರಕಾರನಾದರೋ ಮಾತಿನ ಗುಳ್ಳೆಯನ್ನು ಬರೆಯದೆ ಬಿಟ್ಟರೆ ಸಾಕು.

ಈ ಕಾದಂಬರಿಯನ್ನು ಚಿತ್ರರೂಪಕ್ಕೆ ತಂದವರು ಸ್ವತಃ ಅದ್ಭುತರಮ್ಯ ಕಾದಂಬರಿಕಾರರಾದ ಡೇನಿಯಲ್ ಅಬ್ರಹಾಂ. ಚಿತ್ರಗಳು ಟಾಮಿ ಪ್ಯಾಟರ್ಸನ್ ಅವರವು. ಡೈನಮೈಟ್ ಸಂಸ್ಥೆಯು 2011ರ ಸೆಪ್ಟೆಂಬರಿನಿಂದ 24 ಸಂಚಿಕೆಗಳಲ್ಲಿ ಹೊರತಂದ ಈ ಕೃತಿ ಅನಂತರ ನಾಲ್ಕು ಸಂಪುಟಗಳಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಟೆಲಿವಿಷನ್ ಧಾರಾವಾಹಿ ಆರಂಭವಾಗಿ ನಟನಟಿಯರ ಮುಖಗಳು ಲೋಕಕ್ಕೆಲ್ಲ ಪರಿಚಿತವಾಗತೊಡಗಿದ್ದರೂ, ಅವುಗಳ ಪಡಿಯಚ್ಚನ್ನು ತೆಗೆಯದೆ ಪಾತ್ರಗಳನ್ನು ಕಾದಂಬರಿಯಿಂದಲೇ ಕಲ್ಪಿಸಿಕೊಂಡುದು ಇವರಿಗೆ ಭೂಷಣವೇ ಸರಿ.

ಕಷ್ಟವಿರುವುದು ಬೇರೆಡೆ. ಮಾರ್ಟಿನ್ನರು ಪ್ರತಿ ಅಧ್ಯಾಯಕ್ಕೂ ಒಂದು ಪಾತ್ರದ ಹೆಸರನ್ನೇ ಶೀರ್ಷಿಕೆಯಾಗಿ ಇಟ್ಟು, ಆ ಪಾತ್ರವು ಕಂಡುದನ್ನು, ಕೇಳಿದುದನ್ನು, ತಪ್ಪಾಗಿ ತಿಳಿದುದನ್ನು ಮಾತ್ರವೇ ನಮಗೆ ಕೊಡುತ್ತಾರೆ. ಬಾಲಕ ಬ್ರಾನ್ ಹಳೆಯ ಕೋಟೆಮನೆಯ ಗೋಡೆಯನ್ನು ಹತ್ತುವಾಗ ಅವನ ಕಿವಿಗೆ ಮೊದಲು ಬೀಳುವುದು ಒಬ್ಬ ಗಂಡಸಿನ, ಒಬ್ಬ ಹೆಂಗಸಿನ ದನಿ. ಅವರಾಡುವ ರಾಜಕಾರಣದ ಮಾತು ಅವನಿಗೆ ಅರೆಬರೆಯಾಗಿ ತಿಳಿಯುತ್ತದೆ. ಕೊನೆಗೆ ಗೋಡೆಯಿಂದ ಹೊರಚಾಚಿದ ಕಲ್ಲಿನ ವಿಕೃತಮೂರ್ತಿಗೆ ಕಾಲು ತೊಡರಿಸಿ, ತಲೆಕೆಳಗಾಗಿ ಜೋತು, ಕಿಟಕಿಯೊಳಗೆ ಇಣುಕಿದಾಗಲೇ ಒಳಗಿರುವವರು ಅವನಿಗೂ ನಮಗೂ ಕಾಣುವುದು. ಗದ್ಯದಲ್ಲಿ ನಾವು ಅವನ ಕಣ್ಣಿನಿಂದ ಜಗತ್ತನ್ನು ನೋಡಿದರೆ, ಚಿತ್ರದಲ್ಲಿ ಅವನನ್ನೇ ಹೊರಗಿನಿಂದ ನೋಡುತ್ತೇವೆ. ಸಾಲದುದಕ್ಕೆ, ಎದುರುಬದುರಾದ ಎರಡು ಪುಟಗಳನ್ನು ಕಣ್ಣು ಒಂದೇ ನೋಟಕ್ಕೆ ಸವರಿಬಿಡುವುದರಿಂದ, ಇಂಥ ರಹಸ್ಯವನ್ನು ಪುಟ ಮಗುಚಿದ ಮೇಲಿನ ಮೊದಲ ಚೌಕಟ್ಟಿಗೆ ಕಾದಿರಿಸದಿದ್ದರೆ ಪ್ರಸಂಗದ ರಸವೇ ಕೆಡುತ್ತದೆ. ಕಾಮಿಕ್ಸನ್ನು ಬರೆಯುವವನು ಪುಟಗಳ ಎಡಬಲವನ್ನು ಛಂದಸ್ಸಿನಷ್ಟೇ ಶ್ರದ್ಧೆಯಿಂದ ಗಣಿಸಬೇಕಾಗುವುದು ಈ ಕಾರಣಕ್ಕಾಗಿಯೇ.

ಸುಮಾರು ಏಳುನೂರು ಪುಟಗಳ ಗ್ರಂಥವನ್ನು ಚೌಕಟ್ಟುಗಳಿಗೆ ಇಳಿಸುವವನಿಗೆ ಬಿಡುವ ವಿವೇಕ ಬೇಕು. ಆದರೆ ಮಾಲೆಯೇ ಮುಗಿಯದಿರುವಾಗ ಬಿಡುವುದೇನನ್ನು? ಏಳು ಸಂಪುಟಗಳೆಂದು ಸಂಕಲ್ಪಿತವಾದ ಇದರಲ್ಲಿ ಐದನೆಯದು ಬಂದುದೇ 2011ರಲ್ಲಿ. ನೋಡಲು ತೀರ ಸಾಮಾನ್ಯವಾದ ಸಂಭಾಷಣೆಯ ಸಾಲೊಂದು, ಇನ್ನೂ ಬೆಳಕು ಕಾಣದ ಅಂತಿಮ ಸಂಪುಟದ ಕಟ್ಟಕಡೆಯ ದೃಶ್ಯಕ್ಕೆ ಅವಶ್ಯವೆಂಬ ಕಾರಣದಿಂದ, ತಾವು ಒಂದು ಸನ್ನಿವೇಶವನ್ನೇ ತಿದ್ದಿ ಬರೆಯಬೇಕಾಯಿತೆಂದು ಅಬ್ರಹಾಂ ಹೇಳಿದ್ದಾರೆ. ಕೆಲವು ಪುಟಗಳಲ್ಲಿ ಮಾತು ಚಿತ್ರವನ್ನು ಒತ್ತರಿಸಿದೆಯೆಂಬ ಆಕ್ಷೇಪವನ್ನು ನಾನು ಅರ್ಧ ಮಾತ್ರ ಒಪ್ಪುವುದು ಇದರಿಂದಲೇ. ಅಂತ್ಯವನ್ನರಿಯದ ರೂಪಾಂತರಕಾರನು ಒಂದೆರಡು ಮಾತು ಹೆಚ್ಚಾಗಿ ಉಳಿಸಿಕೊಂಡರೆ ಅದು ಅಕೌಶಲವಲ್ಲ, ಮೂಲದ ಮೇಲಣ ಗೌರವ. ಎರಡನೆಯ ಕಾದಂಬರಿ ‘ಎ ಕ್ಲ್ಯಾಷ್ ಆಫ್ ಕಿಂಗ್ಸ್’ 2017ರಲ್ಲಿ ಬೇರೆಯವರ ಕೈಯಿಂದ ಚಿತ್ರರೂಪ ತಾಳತೊಡಗಿದಾಗಲೂ ಮಾಲೆ ಪೂರ್ಣವಾಗಿರಲಿಲ್ಲ. ಅವರೂ ಇದೇ ಎಚ್ಚರದಿಂದ ಕತ್ತರಿ ಹಿಡಿಯಬೇಕಾಯಿತು.