ಗೋಡೆ ಒಡೆಯುವ ಮುನ್ನ ಬಾಗಿಲು ನೋಡಿ

ಬೆಂಗಳೂರಿನ ಚಿಕ್ಕಬಾಣಾವರದ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದಾದರೂ ಮನೆಯ ಮುಂದೆ ಎಂ-ಸ್ಯಾಂಡ್ ಗುಡ್ಡೆ, ಒಡೆದ ಬ್ಲಾಕುಗಳ ರಾಶಿ ಕಾಣುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ, ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿಗಳಲ್ಲಿ ದುಡಿದವರು ಸಾಲ ಮಾಡಿ, ಪಿಎಫ್ ತೆಗೆದು ಕಟ್ಟಿಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಂದು ಶಾಲೆಗೆ ಹೋಗುತ್ತಿದ್ದ ಮಕ್ಕಳು ಇಂದು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತಾರೆ. ಯಜಮಾನರಿಗೆ ಮಂಡಿನೋವು. ಮೇಲಿನ ಮಹಡಿಯಲ್ಲಿ ಸೋಲದೇವನಹಳ್ಳಿಯ ಕಾಲೇಜಿಗೆ ಹೋಗುವ ಹುಡುಗರು ಬಾಡಿಗೆಗಿದ್ದಾರೆ. ಬೈಯಪ್ಪನಹಳ್ಳಿಯಿಂದ ಇಲ್ಲಿಗೆ 25 ಕಿಲೋಮೀಟರಿನ ಉಪನಗರ ರೈಲು ಮಾರ್ಗಕ್ಕೆ 2022ರಲ್ಲಿ ಶಂಕುಸ್ಥಾಪನೆಯೂ ಆಗಿದೆ. ರೈಲು ಬರಲಿರುವ ಊರನ್ನು ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಇದ್ದ ಮನೆಯನ್ನೇ ತಿದ್ದಿಸೋಣ ಎಂದು ಮೇಸ್ತ್ರಿಯನ್ನು ಕರೆಸುತ್ತಾರೆ. ಮೇಸ್ತ್ರಿ ಬಂದೊಡನೆ ಹೊರಡುವ ಮೊದಲ ಮಾತು: ‘ಈ ಗೋಡೆ ತೆಗೆದುಬಿಡಿ, ಹಾಲ್ ದೊಡ್ಡದಾಗಲಿ.’

ಆ ಮಾತು ಆಡುವ ಮೊದಲು ಹಾಲಿನ ನಡುವೆ ನಿಂತು ಒಮ್ಮೆ ಸುತ್ತ ತಿರುಗಿ, ಅಲ್ಲಿಗೆ ಎಷ್ಟು ಬಾಗಿಲು ತೆರೆಯುತ್ತವೆ ಎಂದು ನೋಡಿ. 30-40 ನಿವೇಶನದ ಮನೆಯಲ್ಲಿ ಸಾಮಾನ್ಯವಾಗಿ ಆರು ಸಿಗುತ್ತವೆ: ತಲೆಬಾಗಿಲು, ಎರಡು ಮಲಗುವ ಕೋಣೆ, ಅಡುಗೆಮನೆ, ದೇವರ ಮನೆ, ಬಚ್ಚಲು. ಒಂದು ಬಾಗಿಲಿಂದ ಇನ್ನೊಂದಕ್ಕೆ ಮನೆಯವರು ದಿನವಿಡೀ ನಡೆಯುವ ದಾರಿಗಳು ಹಾಲನ್ನು ಅಡ್ಡಡ್ಡ ಸೀಳಿರುತ್ತವೆ. ಕೂರಲು ಉಳಿಯುವುದು ಆ ದಾರಿಗಳ ನಡುವಿನ ತುಂಡುಗಳು ಮಾತ್ರ. ಕೋಣೆ ಚಿಕ್ಕದೆನಿಸುವುದಕ್ಕೆ ಅದರ ಚದರಡಿ ಕಾರಣವಾಗಿರುವುದು ಕಡಿಮೆ. ಬಾಗಿಲುಗಳು ಅದನ್ನು ಓಣಿಯಾಗಿಸಿರುವುದೇ ಹೆಚ್ಚು. ಬಹಳ ಮನೆಗಳನ್ನು ನೋಡಿದ ಮೇಲೆ ನನಗಿರುವ ದೃಢವಾದ ನಂಬಿಕೆ ಇದು: ಹಳೆಯ ಮನೆಯನ್ನು ಹೊಸದಾಗಿಸಲು ಗೋಡೆ ಕೆಡವುವುದಕ್ಕಿಂತ ಬಾಗಿಲು ಸರಿಸುವುದು ಅಗ್ಗ, ಸುರಕ್ಷಿತ, ಮತ್ತು ಬಹುಪಾಲು ಹೆಚ್ಚು ಫಲಕಾರಿ.

ಲೆಕ್ಕ ಹಾಕಿಯೇ ನೋಡೋಣ. ಹಾಲಿನ ಒಂದು ಗೋಡೆ 11 ಅಡಿ ಇದೆ, ಅದರ ನಟ್ಟನಡುವೆ 3 ಅಡಿಯ ಬಾಗಿಲಿದೆ ಎಂದುಕೊಳ್ಳಿ. ಎರಡೂ ಕಡೆ ನಾಲ್ಕು ನಾಲ್ಕು ಅಡಿ ಗೋಡೆ ಉಳಿಯುತ್ತದೆ. ಆರಡಿಯ ಸೋಫಾಕ್ಕೆ ಎರಡೂ ಸಾಲದು. ಆಚೆಗೊಂದು ಕುರ್ಚಿ, ಈಚೆಗೊಂದು ಷೋಕೇಸು ಇಟ್ಟು ಕೈಬಿಡುತ್ತೇವೆ. ಅದೇ ಬಾಗಿಲು ಒಂದು ಮೂಲೆಗೆ ಸರಿದು, ಚೌಕಟ್ಟಿನ ಪಕ್ಕ ಅರ್ಧ ಅಡಿ ಮಾತ್ರ ಗೋಡೆ ಉಳಿಸಿಕೊಂಡರೆ ಇನ್ನೊಂದು ಕಡೆ ಏಳೂವರೆ ಅಡಿ ಅಖಂಡವಾಗಿ ಸಿಗುತ್ತದೆ. ಸೋಫಾ ಕೂರುತ್ತದೆ, ಪಕ್ಕದಲ್ಲಿ ದೀಪದ ಮೇಜೂ ಹಿಡಿಯುತ್ತದೆ. ಮನೆ ಒಂದಿಂಚೂ ಬೆಳೆದಿಲ್ಲ, ಹಾಲ್ ಮಾತ್ರ ಬೆಳೆದಿದೆ.

ಮಲಗುವ ಕೋಣೆಯಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ಮೂಲೆಯಿಂದ ಬಾಗಿಲಿನ ದೂರ ಎರಡೇ ಬಗೆಯಲ್ಲಿರಬೇಕು: ನಾಲ್ಕಾರು ಇಂಚು, ಇಲ್ಲವೇ ಎರಡೂಕಾಲು ಅಡಿ. ಬೀರು, ವಾರ್ಡ್‌ರೋಬುಗಳ ಆಳ ಸುಮಾರು ಎರಡು ಅಡಿ. ಎರಡೂಕಾಲು ಬಿಟ್ಟರೆ ಕದ ತೆರೆದಾಗ ಅದರ ಹಿಂದಿನ ಗೋಡೆಯುದ್ದಕ್ಕೂ ಬಟ್ಟೆಯ ಕಪಾಟು ಕೂರುತ್ತದೆ, ಕದವೂ ಪೂರ್ತಿ ತೆರೆಯುತ್ತದೆ. ಒಂದಡಿ ಬಿಟ್ಟರೆ ಆ ಜಾಗ ಕಪಾಟಿಗೂ ಇಲ್ಲ, ಓಡಾಟಕ್ಕೂ ಇಲ್ಲ. ಪೊರಕೆ, ಹಳೆಯ ಕ್ಯಾಲೆಂಡರುಗಳು ಅಲ್ಲಿ ಸೇರಿಕೊಳ್ಳುತ್ತವೆ. ಕೋಣೆಗೆ ಅಂಟಿಕೊಂಡ ಬಚ್ಚಲಿದ್ದರೆ ಅದರ ಬಾಗಿಲೂ ಕೋಣೆಯ ಬಾಗಿಲಿನ ಕಡೆಯಲ್ಲೇ ಇರಲಿ. ಓಡಾಟವೆಲ್ಲ ಒಂದೇ ಪಕ್ಕದಲ್ಲಿ ನಡೆದು, ಐದಡಿ ಅಗಲ ಆರೂವರೆ ಅಡಿ ಉದ್ದದ ಮಂಚಕ್ಕೆ ಮಿಕ್ಕ ಭಾಗ ನಿಶ್ಚಿಂತೆಯಾಗಿ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಎರಡು ಜಾತಿ. ಪಿಲ್ಲರ್, ಬೀಮು ಇರುವ ಮನೆಗಳಲ್ಲಿ ತಾರಸಿಯ ಭಾರ ಕಂಬಗಳಿಗೆ ಹೋಗುತ್ತದೆ. ಒಳಗಿನ ನಾಲ್ಕು-ನಾಲ್ಕೂವರೆ ಇಂಚಿನ ಗೋಡೆಗಳು ಬರೀ ಮರೆ. ಕಂಬವಿಲ್ಲದೆ ಕಟ್ಟಿದ ಮನೆಗಳಲ್ಲಿ ಗೋಡೆಯೇ ತಾರಸಿಯನ್ನು ಹೊತ್ತಿದೆ. ಅಲ್ಲಿ ಬಾಗಿಲನ್ನು ಮೂಲೆಗೆ ಅಂಟಿಸಿ ಕೊರೆಯಬಾರದು. ಎರಡು ಗೋಡೆ ಕೂಡುವ ಕಡೆ ಎರಡಡಿಯಾದರೂ ಗಟ್ಟಿಯಾಗಿ ಉಳಿಯಬೇಕು. ಕಪಾಟಿಗೆಂದು ಬಿಡುವ ಎರಡೂಕಾಲು ಅಡಿ ಇಲ್ಲಿ ಮನೆಯ ಭದ್ರತೆಗೂ ಒದಗುತ್ತದೆ. ಲಿಂಟಲ್ ಮನೆಯ ಸುತ್ತ ಪಟ್ಟಿಯಂತೆ ಹಾದಿದೆಯೇ, ಹಳೆಯ ಬಾಗಿಲ ಮೇಲಷ್ಟೇ ಇದೆಯೇ ಎಂದು ಮೊದಲು ತಿಳಿಯಬೇಕು. ಬಾಗಿಲ ಮೇಲಷ್ಟೇ ಇದ್ದರೆ, ಹೊಸ ಜಾಗದಲ್ಲಿ ಆಸರೆ ಕೊಟ್ಟು ಲಿಂಟಲ್ ಕೂರಿಸಿ, ಅದು ಬಲಿತ ಮೇಲೆಯೇ ಕೆಳಗಿನ ಗೋಡೆ ತೆಗೆಯಬೇಕು. ಮನೆ ಯಾವ ಜಾತಿಯದು ಎಂದು ಚೌಕಟ್ಟಿನ ಬಳಿ ಗೋಡೆಯ ದಪ್ಪ ಅಳೆದರೆ ಅರ್ಧ ತಿಳಿಯುತ್ತದೆ; ಉಳಿದರ್ಧಕ್ಕೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ಮೇಲೆ ಮತ್ತೊಂದು ಮಹಡಿ ಏರಿಸುವ ಯೋಚನೆಯಿದ್ದರಂತೂ ಅವರ ಮಾತು ಕೇಳದೆ ಒಂದು ಬ್ಲಾಕನ್ನೂ ಅಲುಗಿಸಬೇಡಿ.

ಬಾಗಿಲು ಸರಿದಷ್ಟು ಸಲೀಸಾಗಿ ನೀರು ಸರಿಯುವುದಿಲ್ಲ. ಬಚ್ಚಲನ್ನು ಮನೆಯ ಆ ಬದಿಯಿಂದ ಈ ಬದಿಗೆ ತರುತ್ತೇವೆ ಎನ್ನುವವರು ಪೈಪಿನ ಇಳಿಜಾರನ್ನು ನೆನೆಯಬೇಕು. ನಾಲ್ಕಿಂಚಿನ ಪೈಪಿಗೆ ನಲವತ್ತಡಿಗೆ ಒಂದಡಿ ಇಳಿತ ಎಂದು ಹಿಡಿದರೆ, ಇಪ್ಪತ್ತಡಿ ಆಚೆಗೆ ಹೋದ ಕಮೋಡಿಗೆ ಅರ್ಧ ಅಡಿ ಎತ್ತರ ಬೇಕು. ಆ ಅರ್ಧ ಅಡಿ ಬಚ್ಚಲ ಬಾಗಿಲಲ್ಲಿ ಮೆಟ್ಟಿಲಾಗಿ ಏಳುತ್ತದೆ, ರಾತ್ರಿ ಏಳುವ ಹಿರಿಯರ ಕಾಲಿಗೆ ಸಿಗುತ್ತದೆ. ಆದ್ದರಿಂದ ನೀರಿನ ಕೋಣೆಗಳು ಇದ್ದಲ್ಲೇ ಇರಲಿ, ಅವುಗಳ ಬಾಗಿಲು ಬೇಕಾದರೆ ತಿರುಗಲಿ. ಹಾಲಿಗೆ ಮುಖ ಮಾಡಿದ ಬಚ್ಚಲ ಬಾಗಿಲನ್ನು ಪಕ್ಕದ ಸಣ್ಣ ಓಣಿಗೆ ತಿರುಗಿಸಿದರೂ ನೆಂಟರ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಎರಡೂವರೆ ಅಡಿಯ ಬಚ್ಚಲ ಬಾಗಿಲನ್ನು ಮೂರಡಿ ಮಾಡಿಸಿ; ಮುಂದೆ ವಾಕರ್ ಹಿಡಿದು ನಡೆಯುವ ಕಾಲ ಬಂದಾಗ ಅದರ ಬೆಲೆ ತಿಳಿಯುತ್ತದೆ. ಕದ ಹೊರಕ್ಕೆ ತೆರೆಯಲಿ, ಇಲ್ಲವೇ ಪಕ್ಕಕ್ಕೆ ಸರಿಯಲಿ. ಒಳಗೆ ಯಾರಾದರೂ ಜಾರಿ ಕದಕ್ಕೆ ಅಡ್ಡ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ತಳ್ಳಲಾಗುವುದಿಲ್ಲ.

ಅಡುಗೆಮನೆಯ ಓಡಾಟವನ್ನು ಹೆಜ್ಜೆ ಎಣಿಸಿ ಅಳೆದವರಿದ್ದಾರೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗಾಗಿ ರೂಪಿಸಿದ ಅಡುಗೆಮನೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ ಆರೂಕಾಲು ಅಡಿಗೆ ಹನ್ನೊಂದು ಅಡಿ. ರೈಲಿನ ಊಟದ ಬೋಗಿಯ ಅಡುಗೆಮನೆಯಿಂದ ಆಕೆ ಪಾಠ ಕಲಿತರು. ಊಟದ ಕೋಣೆಯ ಕಡೆಗೆ ಸರಿಯುವ ಬಾಗಿಲಿಟ್ಟರು, ಕದಕ್ಕೆಂದು ಜಾಗ ಪೋಲಾಗದಂತೆ. ಚಿಕ್ಕಬಾಣಾವರದ ಅಡುಗೆಮನೆಗೂ ಬಹುತೇಕ ಅಷ್ಟೇ ಜಾಗ. ಆದರೆ ನಮ್ಮಲ್ಲಿ ಎರಡು ಬಾಗಿಲು: ಒಂದು ಹಾಲಿಗೆ, ಇನ್ನೊಂದು ಪಾತ್ರೆ ತೊಳೆಯುವ, ವಾಷಿಂಗ್ ಮೆಷಿನ್ ಇಡುವ ಯುಟಿಲಿಟಿಗೆ. ಈ ಎರಡೂ ಒಂದೇ ಗೆರೆಯಲ್ಲಿ, ಕಟ್ಟೆಗೆ ಎದುರಿನ ಬದಿಯಲ್ಲಿ ಇದ್ದರೆ ಬಟ್ಟೆಯ ಬಕೆಟ್ ಹಿಡಿದು ಹೋಗುವವರು ಒಲೆಯ ಮುಂದೆ ನಿಂತವರನ್ನು ತಳ್ಳಿಕೊಂಡು ಹೋಗಬೇಕಿಲ್ಲ. ಕುಕ್ಕರ್ ಇಳಿಸುತ್ತಿರುವವರ ಬೆನ್ನಿಗೆ ಯಾರೂ ತಾಗದಿರುವುದು ಅಂದಕ್ಕಿಂತ ದೊಡ್ಡದು.

ಬೆಳಕು, ಗಾಳಿಗೂ ಬಾಗಿಲೇ ದಾರಿ. ಅಕ್ಕಪಕ್ಕದ ಮನೆಗಳು ಮೂರಡಿ ದೂರದಲ್ಲಿ ಎದ್ದು ನಿಂತಿರುವಾಗ ಪಕ್ಕದ ಕಿಟಕಿಗಳಿಂದ ಹೆಚ್ಚೇನೂ ದಕ್ಕುವುದಿಲ್ಲ. ಬೆಳಕು ಬರುವುದು ಮುಂದಿನಿಂದ, ಹಿಂದಿನಿಂದ, ಇಲ್ಲವೇ ಮೇಲಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಡುವಣದ ಕಡೆಯಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಮುಂಬಾಗಿಲು, ನಡುವಿನ ಬಾಗಿಲು, ಹಿತ್ತಿಲ ಬಾಗಿಲು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬಂದರೆ ಫ್ಯಾನ್ ಹಾಕದ ಸಂಜೆಗಳು ಹೆಚ್ಚುತ್ತವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಬೆಂಗಳೂರಿನಲ್ಲಿ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ಸಜ್ಜ ಬೇಕು. ಒಳಬಾಗಿಲುಗಳ ಮೇಲೆ ಹಿಂದೆ ಇಡುತ್ತಿದ್ದ ಗಾಜಿನ ವೆಂಟಿಲೇಟರನ್ನು ಮತ್ತೆ ಇಡಿಸಿ. ಕದ ಮುಚ್ಚಿ ಮೀಟಿಂಗಿನಲ್ಲಿ ಕೂತ ಮಗಳ ಕೋಣೆಯ ಬೆಳಕು ಹಾಲಿಗೂ ಬರುತ್ತದೆ.

ಮೇಲಿನಿಂದ ಬರುವ ಬೆಳಕಿಗೆ ನಮ್ಮ ತೊಟ್ಟಿ ಮನೆಗಳೇ ಗುರು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕೋರಮಂಗಲದಲ್ಲಿ 1980ರ ದಶಕದ ಕೊನೆಗೆ ತಮಗಾಗಿ ಕಟ್ಟಿಕೊಂಡ ಮನೆಯ ನಡುವಿಗೂ ಬಯಲು ತೊಟ್ಟಿಯೇ ಇದೆ, ಕೋಣೆಗಳು ಅದರ ಸುತ್ತ ಇವೆ. ನಮ್ಮ ನಿವೇಶನದಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಸರಿ. ಆದರೆ ಆ ಯೋಜನೆಯ ತಿರುಳು ನಮಗೂ ಸಲ್ಲುತ್ತದೆ: ತೊಟ್ಟಿ ಮನೆಯಲ್ಲಿ ಓಡಾಟ ತೊಟ್ಟಿಯ ಸುತ್ತಲ ಪಡಸಾಲೆಯಲ್ಲೇ ಮುಗಿಯುತ್ತದೆ, ಯಾರ ಕೋಣೆಯನ್ನೂ ಯಾರೂ ಹಾದು ಹೋಗುವುದಿಲ್ಲ. ಹಾಲಿನ ಒಂದು ಅಂಚಿನಲ್ಲಿ ಮೂರೂವರೆ ಅಡಿಯ ದಾರಿಯನ್ನು ಮನಸ್ಸಿನಲ್ಲೇ ಎಳೆದು, ಆಗುವಷ್ಟು ಬಾಗಿಲುಗಳನ್ನು ಆ ಗೆರೆಗೆ ತಂದರೆ ಮಿಕ್ಕ ಹಾಲ್ ಕೂರುವವರದಾಗುತ್ತದೆ.

ವಾಸ್ತು ನೋಡುವ ಮನೆಗಳಲ್ಲಿ ಇದಕ್ಕೆ ಅಡ್ಡಿ ಬರುವುದೂ ಕಡಿಮೆ. ತಲೆಬಾಗಿಲು ಅಲುಗುವುದಿಲ್ಲ, ದೇವರ ಮನೆ ತನ್ನ ಮೂಲೆ ಬಿಡುವುದಿಲ್ಲ. ಬಾಗಿಲುಗಳ ಸಂಖ್ಯೆ ಸಮವಾಗಿರಬೇಕೆನ್ನುವವರಿಗೂ ಚಿಂತೆಯಿಲ್ಲ. ಸರಿಸಿದ್ದರಿಂದ ಎಣಿಕೆ ಬದಲಾಗುವುದಿಲ್ಲ.

ಕಾಗದದ ಮೇಲಿನ ನಕ್ಷೆಯನ್ನಷ್ಟೇ ನೋಡಿ ಒಪ್ಪಿಗೆ ಕೊಡಬೇಡಿ. ತಾರಸಿಗೆ ಹೋಗಿ, ಟೇಪು ಹಿಡಿದು, ರಂಗೋಲಿ ಪುಡಿಯಲ್ಲಿ ಇಡೀ ಕೋಣೆಯನ್ನು ಇದ್ದಳತೆಗೇ ಬರೆಯಿರಿ. ಮಂಚ, ಬೀರು, ಮೇಜು, ಕದ ತಿರುಗುವ ಕಮಾನು, ಎಲ್ಲವನ್ನೂ ಬರೆಯಿರಿ. ಆಮೇಲೆ ಮನೆಮಂದಿಯೆಲ್ಲ ಅದರೊಳಗೆ ನಡೆದಾಡಲಿ, ಅಜ್ಜಿಯೂ ನಡೆಯಲಿ. ಯಾರ ಕಾಲು ಯಾವ ಗೆರೆಯನ್ನು ತುಳಿಯುತ್ತದೆ ಎಂದು ನೋಡಿ, ಅಲ್ಲಿಯೇ ಅಳಿಸಿ ಮತ್ತೆ ಬರೆಯಿರಿ. ಪುಡಿಯಲ್ಲಿ ಸರಿದ ಬಾಗಿಲಿಗೆ ಖರ್ಚಿಲ್ಲ.

ವಾರ್ಡ್‌ರೋಬು, ಫಾಲ್ಸ್ ಸೀಲಿಂಗ್, ಟೈಲ್ಸುಗಳ ಅಂಗಡಿಗೆ ಹೋಗುವುದು ಇದಾದ ಮೇಲೆಯೇ. ಮೊದಲು ಇಂಜಿನಿಯರು, ಆಮೇಲೆ ಗಾರೆಯವರು ಮತ್ತು ಬಡಗಿ, ಕೊನೆಗೆ ಅಂಗಡಿ. ಈ ಕ್ರಮ ಹಿಡಿದರೆ ಗೋಡೆ ಒಡೆಯಬೇಕೆಂದು ಹೊರಟವರಲ್ಲಿ ಬಹಳ ಮಂದಿಗೆ ಒಡೆಯುವ ಅಗತ್ಯವೇ ಬೀಳುವುದಿಲ್ಲ, ಉಳಿದ ಹಣದಲ್ಲಿ ಮತ್ತೆರಡು ಒಳ್ಳೆಯ ಬಾಗಿಲು ಮಾಡಿಸಬಹುದು.