ಗರತಿಯ ಹಾಡು, ಗಾಯಕಿಯ ಕಂಠ: ಅಮೀರಬಾಯಿ ಕರ್ನಾಟಕಿ

ವಿಜಾಪುರ ಸೀಮೆಯ ಹೆಣ್ಣುಮಕ್ಕಳ ಹಾಡಿಗೆ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಗೌರವದ ಸ್ಥಾನವು ದೊರೆತಿರುವುದು. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರೇ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆಯೂ ತೊಟ್ಟಿಲಿನ ಬಳಿಯೂ ಹುಟ್ಟಿದ ತ್ರಿಪದಿಗಳನ್ನು ಆಯ್ದು, 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಅಚ್ಚು ಹಾಕಿಸಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಮನೆಯ ಧಾಟಿಯು ಅಲ್ಲಿಂದ ಮುಂದೆ ವಿದ್ವಾಂಸರ ಅಧ್ಯಯನಕ್ಕೆ ವಿಷಯವಾಯಿತು. ಆದರೆ ಅದೇ ಜಿಲ್ಲೆಯಲ್ಲಿ ಹುಟ್ಟಿ, ಅದೇ ದಶಕದಲ್ಲಿ ಮುಂಬಯಿಯನ್ನು ಸೇರಿ, ಹಾಡಿನಿಂದಲೇ ಬಾಳಿದ ಮತ್ತೊಬ್ಬ ಹೆಣ್ಣಿನ ಕಂಠವು ಈ ಚರಿತ್ರೆಯ ಹೊರಗೇ ಉಳಿಯಿತು. ಆ ಕಂಠವು ಅಮೀರಬಾಯಿ ಕರ್ನಾಟಕಿಯವರದು. ಗರತಿಯ ಹಾಡಿಗೆ ದೊರೆತ ಮನ್ನಣೆಯು ಗಾಯಕಿಯ ಹಾಡಿಗೆ ಏಕೆ ದೊರೆಯಲಿಲ್ಲವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೀರಬಾಯಿಯವರ ಹುಟ್ಟೂರು ಬೀಳಗಿ. ಇಂದು ಅದು ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ, 1997ರ ವಿಭಜನೆಯವರೆಗೆ ಮೇಲೆ ಹೇಳಿದ ನಾಲ್ಕು ತಾಲೂಕುಗಳೊಡನೆ ಒಂದೇ ಜಿಲ್ಲೆಯಲ್ಲಿದ್ದಿತು. ಹಾಡು ನಾಟಕಗಳ ಬಳಕೆಯಿದ್ದ ಮುಸಲ್ಮಾನ ಮನೆತನವೊಂದರಲ್ಲಿ ಇವರೂ ಇವರ ಸೋದರಿ ಗೋಹರಬಾಯಿಯವರೂ ಬೆಳೆದರು. ಆ ಕಾಲದ ಉತ್ತರ ಕರ್ನಾಟಕದ ರಂಗಭೂಮಿಗೆ ಎರಡು ಮುಖಗಳಿದ್ದುವು. ಶ್ರೀಕೃಷ್ಣಪಾರಿಜಾತದಂತಹ ಬಯಲಿನ ಆಟದಲ್ಲಿ ಕೌಜಲಗಿ ನಿಂಗಮ್ಮನಂತಹ ನಟಿಯರು ಹೆಸರು ಪಡೆದಿದ್ದರು. ಆದರೆ ಪರದೆ ಕಟ್ಟಿ ಆಡುವ ಸಂಗೀತನಾಟಕದಲ್ಲಿ ಸ್ತ್ರೀಪಾತ್ರವು ಬಹುಮಟ್ಟಿಗೆ ಗಂಡಸಿನ ಸೊತ್ತಾಗಿದ್ದಿತು. ಅದರ ಪರಮಾದರ್ಶವೆಂದರೆ ಮರಾಠಿ ರಂಗಭೂಮಿಯ ಬಾಲಗಂಧರ್ವರು. ಹೆಣ್ಣು ಹೇಗೆ ನಡೆಯಬೇಕು, ಹೇಗೆ ಹಾಡಬೇಕೆಂಬುದನ್ನು ಆ ಪುರುಷನೇ ಕಲಿಸಿದನೆಂದು ಭೀಮೆಯ ಆಚೆಗೂ ಈಚೆಗೂ ಜನರು ನಂಬಿದ್ದರು.

ಈ ಪರಿಸ್ಥಿತಿಯಲ್ಲಿ ಸೋದರಿಯರಿಬ್ಬರೂ ಹಿಡಿದ ದಾರಿಗಳನ್ನು ಒಂದರ ಪಕ್ಕದಲ್ಲಿ ಮತ್ತೊಂದನ್ನಿಟ್ಟು ನೋಡುವುದು ಯುಕ್ತ. ಗೋಹರಬಾಯಿಯವರು 1930ರ ದಶಕದ ಕೊನೆಗೆ ಗಂಧರ್ವ ನಾಟಕ ಮಂಡಳಿಯನ್ನು ಸೇರಿ, ಬಾಲಗಂಧರ್ವರ ಗಾಯನಶೈಲಿಯನ್ನೇ ತಮ್ಮದನ್ನಾಗಿ ಮಾಡಿಕೊಂಡರು. ಹೆಣ್ಣನ್ನು ಅನುಕರಿಸಿದ ಗಂಡಸಿನ ಕಂಠವನ್ನು ಹೆಣ್ಣೊಬ್ಬಳು ಮರಳಿ ಅನುಕರಿಸಿದ ಈ ಪ್ರಸಂಗವು ರಂಗಭೂಮಿಯ ಇತಿಹಾಸದಲ್ಲಿ ವಿಲಕ್ಷಣವಾದುದು. ಅಮೀರಬಾಯಿಯವರಾದರೋ ಚಿತ್ರಪಟದ ಕಡೆಗೆ ತಿರುಗಿದರು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆ ಕಂಡ 1934ರಲ್ಲಿಯೇ ‘ವಿಷ್ಣುಭಕ್ತಿ’ ಎಂಬ ಹಿಂದೀ ಚಿತ್ರದಲ್ಲಿ ಇವರ ಪಾತ್ರವಿದ್ದಿತು. ಮೊದಲು ಮುಖವೂ ಕಂಠವೂ ಒಂದೇ ಆಗಿದ್ದುವು. ಹಿನ್ನೆಲೆ ಗಾಯನದ ಪದ್ಧತಿಯು ಬಲಗೊಂಡಂತೆ ಮುಖವು ಮರೆಯಾಗಿ ಕಂಠವು ಉಳಿಯಿತು.

1943ರ ‘ಕಿಸ್ಮತ್’ ಚಿತ್ರವು ಇದಕ್ಕೆ ಉತ್ತಮ ನಿದರ್ಶನ. ಬಾಂಬೆ ಟಾಕೀಸಿನವರ ಈ ಚಿತ್ರವು ಕಲಕತ್ತೆಯ ಒಂದೇ ಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ನಾಯಿಕೆಯಾದ ರಾಣಿಯು ರಂಗಭೂಮಿಯ ಕಲಾವಿದೆ. ತಂದೆಯು ಚಿಕ್ಕಂದಿನಲ್ಲಿ ಮಿತಿಮೀರಿ ಕುಣಿಸಿದ್ದರಿಂದ ಕಾಲು ಊನವಾದವಳು. ಪಾತ್ರವನ್ನು ಅಭಿನಯಿಸಿದವರು ಮುಮ್ತಾಜ ಶಾಂತಿ. ಅನಿಲ ಬಿಸ್ವಾಸರ ಸಂಗೀತದಲ್ಲಿ ಹಾಡಿದವರು ಅಮೀರಬಾಯಿ. ಕುಣಿಯಲಾರದ ನಟಿಗೆ ಉಳಿದುದು ಕಂಠವೊಂದೇ. ಆ ಕಂಠವೋ, ತೆರೆಯ ಮೇಲೆ ಕಾಣದ ಮತ್ತೊಬ್ಬ ನಟಿಯದು. ಇದೇ ಚಿತ್ರದಲ್ಲಿ ಇವರ ಕಲೆಯ ಎರಡು ನೆಲೆಗಳು ಸ್ಪಷ್ಟವಾಗಿ ಕೇಳಬರುವುವು. ರಾಣಿಯು ರಂಗದ ಮೇಲೆ ನಿಂತು ಹಾಡುವ ದೇಶಭಕ್ತಿಯ ಮೇಳಗೀತದಲ್ಲಿ ಕಟ್ಟಕಡೆಯ ಪ್ರೇಕ್ಷಕನನ್ನು ಮುಟ್ಟಬೇಕೆಂಬ ನಾಟಕದ ಎತ್ತರದ ದನಿಯಿರುವುದು. ಮೋಡವನ್ನು ಕುರಿತ ಮೆಲುಗೀತದಲ್ಲಿಯಾದರೋ ಉಸಿರು ಧ್ವನಿಗ್ರಾಹಕದ ಸಮೀಪಕ್ಕೆ ಬಂದು, ಒಬ್ಬನೇ ಕೇಳುಗನ ಕಿವಿಯಲ್ಲಿ ನುಡಿದಂತಾಗುವುದು. ಮೊದಲನೆಯದು ನಾಟಕಗೃಹದಲ್ಲಿ ಕಲಿತುದು. ಎರಡನೆಯದನ್ನು ಕಲಿಯಲು ಮೊದಲನೆಯದನ್ನು ಅಷ್ಟುಮಟ್ಟಿಗೆ ಮರೆಯಬೇಕಾಗಿದ್ದಿತು. ಹಳೆಯ ನಾಟಕದ ಗಾಯಕಿಯರಲ್ಲಿ ಅನೇಕರಿಗೆ ಈ ಮರೆವು ಸಾಧ್ಯವಾಗಲಿಲ್ಲ. ಎರಡೂ ನೆಲೆಗಳಲ್ಲಿ ಶಬ್ದವು ಸ್ವರದಲ್ಲಿ ಕರಗದೆ ಒಡೆದು ಕೇಳುವುದೇ ಅಮೀರಬಾಯಿಯವರ ವೈಶಿಷ್ಟ್ಯ.

‘ರತನ್’ (1944), ‘ಶಹನಾಯಿ’ (1947) ಮೊದಲಾದ ಚಿತ್ರಗಳ ಹಾಡುಗಳೂ ‘ರಾಣಕದೇವಿ’ (1946) ಎಂಬ ಗುಜರಾತಿ ಚಿತ್ರದ ಹಾಡೂ ಇವರ ಕೀರ್ತಿಯನ್ನು ಹರಡಿದುವು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಇವರೇ ಸಂಗೀತವನ್ನು ನೀಡಿದರು. ಹೆಣ್ಣೊಬ್ಬಳು ಸಂಗೀತನಿರ್ದೇಶನ ಮಾಡುವುದು ಅಂದು ಅತ್ಯಂತ ವಿರಳವಾಗಿದ್ದಿತು. ಅನಂತರ ಹೊಸ ಕಂಠಗಳು ಬಂದಾಗ ಇವರು ಪೋಷಕಪಾತ್ರಗಳ ಅಭಿನಯಕ್ಕೆ ಮರಳಿದರು. 1965ರ ಮಾರ್ಚ 3ರಂದು ತೀರಿಕೊಂಡರು.

ಇವರು ಖ್ಯಾತಿ ಪಡೆದುದು ಹಿಂದೀ ಗುಜರಾತಿಗಳಲ್ಲಾದುದರಿಂದ ಕನ್ನಡದ ವಿಮರ್ಶೆಗೆ ಇವರ ಗೊಡವೆಯೇನೆಂಬ ಆಕ್ಷೇಪವು ಬರಬಹುದು. ಆಕ್ಷೇಪವು ನಿರಾಧಾರವಲ್ಲ, ಭಾಷೆಯೇ ಸಾಹಿತ್ಯದ ಗಡಿ. ಆದರೆ ರಂಗಕಲೆಯ ಗಡಿಯು ಅದೊಂದೇ ಅಲ್ಲ. ಆ ದಶಕದಲ್ಲಿ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಹಾಡುವ ಹೆಣ್ಣಿಗೆ ಅನ್ನವನ್ನೂ ಹೆಸರನ್ನೂ ಕೊಡುವ ಶಕ್ತಿಯು ಮುಂಬಯಿಗೇ ಇದ್ದಿತು. ಹೀಗೆ ಹೊರಗೆ ಹೋದವರು ‘ಕರ್ನಾಟಕಿ’ ಎಂಬ ಪದವನ್ನು ಹೆಸರಿಗೆ ಹಚ್ಚಿಕೊಂಡು ಹಾಡಿದರು. ಕರ್ನಾಟಕವೆಂಬ ರಾಜ್ಯದ ಹೆಸರು 1973ರಲ್ಲಿ ಬಂದಿತು. ಅದಕ್ಕೆ ಮೂರು ದಶಕಗಳ ಮೊದಲೇ ಗ್ರಾಮೋಫೋನಿನ ತಟ್ಟೆಗಳ ಮೇಲೆ ಅದು ಈ ಸೋದರಿಯರ ಉಪನಾಮವಾಗಿ ದೇಶವನ್ನು ಸುತ್ತಿದ್ದಿತು.

ಉಪೇಕ್ಷೆಯ ನಿಜವಾದ ಕಾರಣವನ್ನು ಬೇರೆಡೆ ಹುಡುಕಬೇಕು. ‘ಗರತಿ’ ಎಂಬ ಮಾತು ಹಾಡಿನ ಜೊತೆಗೆ ಹಾಡುವವಳ ಶೀಲಕ್ಕೂ ಮುದ್ರೆಯೊತ್ತುವುದು. ಹೆಸರಿಲ್ಲದ ಗೃಹಿಣಿಯ ತ್ರಿಪದಿಯನ್ನು ಸಂಕೋಚವಿಲ್ಲದೆ ಪಾಠವಾಗಿಸಬಹುದು; ಕೂಲಿ ಪಡೆದು ಹಾಡಿದ ನಟಿಯ ವಿಷಯದಲ್ಲಿ ಸಭ್ಯಸಮಾಜವು ಅಳುಕಿತು. ಹಲಸಂಗಿಯ ಗೆಳೆಯರ ಉಪಕಾರವು ಇದರಿಂದ ಕಿರಿದಾಗದು. ಅವರು ಕೈಕೊಂಡ ಕಾರ್ಯವು ಬೇರೆ. ಮುಂದಿನವರು ಆ ಹೆಸರನ್ನೇ ಎಲ್ಲೆಯಾಗಿ ಹಿಡಿದುದು ತಪ್ಪು. ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನವನ್ನು ಕುರಿತು ಕನ್ನಡದಲ್ಲಿ ಗ್ರಂಥವನ್ನು ಬರೆದು ಈ ಎಲ್ಲೆಯನ್ನು ಮೊದಲು ಸಡಿಲಿಸಿದರು. ಚರಿತ್ರೆಯು ದೊರೆತಿದೆ, ಇನ್ನು ಆಗಬೇಕಾದುದು ಕಲೆಯ ವಿಮರ್ಶೆ. ತ್ರಿಪದಿಯ ಪಾಠಾಂತರಗಳಿಗೆ ಸಲ್ಲುವ ಎಚ್ಚರದಿಂದ ಈ ಕಂಠದ ಏರಿಳಿತಗಳನ್ನೂ ಆಲಿಸಿದಾಗ, ವಿಜಾಪುರ ಸೀಮೆಯ ಹೆಣ್ಣಿನ ಹಾಡೆಂಬ ಮಾತಿಗೆ ಅದರ ಪೂರ್ಣಾರ್ಥವು ದೊರೆಯುವುದು.